ಡಾ. ಜಾನ್ ಲೀಲ್: ಕುಡಿಯುವ ನೀರಿಗೆ ಕ್ಲೋರಿನ್ ಕಾವಲು ಒದಗಿಸಿದ ವೈದ್ಯ

ಪೀಠಿಕೆ

ಜೂನ್ ತಿಂಗಳಲ್ಲಿ ಮುಂಗಾರು ಮಳೆ ಆರಂಭವಾದ ಕೆಲವೇ ದಿನಗಳಲ್ಲಿ ಉಡುಪಿ ಜಿಲ್ಲೆಯ ತೆರೆದ ಬಾವಿಗಳಲ್ಲಿ ನೀರಿನ ಮಟ್ಟ ಏರತೊಡಗುತ್ತದೆ. ಮುರಕಲ್ಲಿನ ಸಂದುಗಳ ಮೂಲಕವೂ ಬಾವಿಯ ಸುತ್ತಲಿನ ನೆಲದ ಮೇಲಿನಿಂದಲೂ ಹರಿದು ಬರುವ ಮಳೆನೀರು ತನ್ನೊಡನೆ ಮಣ್ಣನ್ನು ಮಾತ್ರವಲ್ಲದೆ ಕಣ್ಣಿಗೆ ಕಾಣದ ರೋಗಾಣುಗಳನ್ನೂ ತರುತ್ತದೆ. ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿ ಕ್ಲೋರಿನೀಕರಣ ಮಾಡುವಂತೆ ಸಾರ್ವಜನಿಕರಿಗೆ ತಿಳಿಸುವುದು ಈ ಕಾರಣದಿಂದಲೇ ಆಗಿದೆ. ಆದರೆ ನೀರಿಗೆ ಬರುವ ವಾಸನೆಯಿಂದಾಗಿ ಈ ಪುಡಿಯನ್ನು ಇಷ್ಟಪಡದವರೂ ಇದ್ದಾರೆ; ಕುಡಿಯುವ ನೀರಿಗೆ ರಾಸಾಯನಿಕವನ್ನು ಬೆರೆಸುವುದು ಸರಿಯೇ ಎಂದು ಸಂದೇಹಪಡುವವರೂ ಇದ್ದಾರೆ.

ಈ ಸಂದೇಹ ಹೊಸದಲ್ಲ. ನೂರು ವರ್ಷಗಳಿಗೂ ಹಿಂದೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯಾಯಾಲಯವೊಂದರಲ್ಲಿ ಇದೇ ಪ್ರಶ್ನೆ ವಿಚಾರಣೆಗೆ ಬಂದಿತ್ತು. ಅಂದು ಉತ್ತರ ಹೇಳಬೇಕಾಗಿ ಬಂದ ವ್ಯಕ್ತಿ ಡಾ. ಜಾನ್ ಲೀಲ್. ಒಂದು ನಗರದ ನೀರಿಗೆ ಪ್ರತಿದಿನವೂ, ಕಾಯಂ ಆಗಿ, ಅಳತೆಯ ಕ್ಲೋರಿನ್ ಬೆರೆಸುವ ವ್ಯವಸ್ಥೆಯನ್ನು ಅಮೆರಿಕದಲ್ಲಿ ಮೊದಲಿಗೆ ಜಾರಿಗೆ ತಂದ ಕೀರ್ತಿ ಈ ವೈದ್ಯರದು. ಅವರ ಜೀವನದ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಜಾನ್ ಲೀಲ್ ಅವರು 1858ರ ಮೇ 5ರಂದು ನ್ಯೂಯಾರ್ಕ್ ರಾಜ್ಯದ ಆಂಡಿಸ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಜಾನ್ ರೋಸ್ ಲೀಲ್ ಅವರೂ ವೈದ್ಯರೇ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅವರು ನ್ಯೂಯಾರ್ಕಿನ 144ನೆಯ ಕಾಲಾಳು ಪಡೆಯಲ್ಲಿ ವೈದ್ಯರಾಗಿ ಸೇವೆ ಸಲ್ಲಿಸಿದರು. ಚಾರ್ಲ್ಸ್‌ಟನ್ ನಗರದ ಮುತ್ತಿಗೆಯ ಸಮಯದಲ್ಲಿ ಸೈನಿಕರು ಕುಡಿಯುತ್ತಿದ್ದ ನೀರು ಕಲುಷಿತವಾಗಿತ್ತು. ಗುಂಡೇಟಿಗಿಂತಲೂ ಹೆಚ್ಚಾಗಿ ಭೇದಿ, ವಿಷಮಶೀತ ಜ್ವರ ಮುಂತಾದ ರೋಗಗಳಿಂದ ಸೈನಿಕರು ಸಾಯುತ್ತಿದ್ದ ಕಾಲವದು. ಅಲ್ಲಿ ಅಂಟಿದ ಆಮಶಂಕೆ ರೋಗ ಹಿರಿಯ ಲೀಲ್ ಅವರನ್ನು ಮತ್ತೆ ಬಿಡಲಿಲ್ಲ.

ಯುದ್ಧ ಮುಗಿದ ನಂತರ 1867ರಲ್ಲಿ ಕುಟುಂಬವು ನ್ಯೂಜೆರ್ಸಿಯ ಪ್ಯಾಟರ್ಸನ್ ನಗರಕ್ಕೆ ಬಂದು ನೆಲೆಸಿತು. ಪರರ ರೋಗವನ್ನು ವಾಸಿ ಮಾಡಬಲ್ಲ ವೈದ್ಯರೇ ತಮ್ಮ ರೋಗದಿಂದ ವರ್ಷಾನುಗಟ್ಟಲೆ ನರಳುವುದನ್ನು ಮಗ ಮನೆಯಲ್ಲಿಯೇ ಕಂಡು ಬೆಳೆದನು. 1882ರಲ್ಲಿ ತಂದೆ ನಿಧನರಾದರು. ಆಗ ಮಗ ವೈದ್ಯಕೀಯ ವಿದ್ಯಾರ್ಥಿಯಾಗಿದ್ದನು. ಕಲುಷಿತ ನೀರು ಒಂದು ಮನೆಗೆ ಏನು ಮಾಡಬಲ್ಲದು ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ವಿದ್ಯಾಭ್ಯಾಸ ಮತ್ತು ಸಾರ್ವಜನಿಕ ಸೇವೆ

1880ರಲ್ಲಿ ಪ್ರಿನ್ಸ್‌ಟನ್ ಕಾಲೇಜಿನಿಂದ ಪದವಿ ಪಡೆದ ಲೀಲ್ ಅವರು 1884ರಲ್ಲಿ ಕೊಲಂಬಿಯಾದ ವೈದ್ಯಕೀಯ ಕಾಲೇಜಿನಿಂದ ವೈದ್ಯ ಪದವಿ ಪಡೆದು ಪ್ಯಾಟರ್ಸನ್‌ನಲ್ಲಿಯೇ ವೃತ್ತಿ ಆರಂಭಿಸಿದರು. ರೋಗಗಳಿಗೆ ಸೂಕ್ಷ್ಮಾಣುಜೀವಿಗಳೇ ಕಾರಣವೆಂಬುದು ಯೂರೋಪಿನಲ್ಲಿ ಲೂಯಿ ಪಾಶ್ಚರ್ ಮತ್ತು ರಾಬರ್ಟ್ ಕಾಖ್ ಅವರ ಸಂಶೋಧನೆಗಳಿಂದ ಸ್ಥಾಪಿತವಾಗುತ್ತಿದ್ದ ದಿನಗಳವು. ಕಾಲರಾ ರೋಗಾಣುವನ್ನು ಕಾಖ್ ಅವರು ಗುರುತಿಸಿದ್ದು 1884ರಲ್ಲಿ; ಅದರ ಅಂತಿಮ ಹಂತದ ಅಧ್ಯಯನ ನಡೆದದ್ದು ಭಾರತದ ಕಲ್ಕತ್ತಾ ನಗರದಲ್ಲಿ. ಯುವ ವೈದ್ಯ ಲೀಲ್ ಈ ಹೊಸ ಶಾಸ್ತ್ರವನ್ನು ಶ್ರದ್ಧೆಯಿಂದ ಅಭ್ಯಸಿಸಿದರು.

1890ರಿಂದ 1899ರವರೆಗೆ ಅವರು ಪ್ಯಾಟರ್ಸನ್ ನಗರದ ಆರೋಗ್ಯಾಧಿಕಾರಿಯಾಗಿದ್ದರು. ಸಾಂಕ್ರಾಮಿಕ ರೋಗ ಕಾಣಿಸಿದ ಮನೆಗಳನ್ನು ಪತ್ತೆ ಹಚ್ಚುವುದು, ರೋಗಿಗಳನ್ನು ಪ್ರತ್ಯೇಕವಾಗಿ ಇರಿಸುವುದು, ಮನೆಗಳನ್ನು ಶುದ್ಧಗೊಳಿಸುವುದು ಅವರ ನಿತ್ಯದ ಕೆಲಸವಾಗಿತ್ತು. ಹೀಗೆ ಶುದ್ಧಗೊಳಿಸಲು ಬಳಸುತ್ತಿದ್ದ ವಸ್ತುವೇ ಬ್ಲೀಚಿಂಗ್ ಪೌಡರ್. ಸುಣ್ಣಕ್ಕೆ ಕ್ಲೋರಿನ್ ಅನಿಲವನ್ನು ಹಾಯಿಸಿ ತಯಾರಿಸುವ ಈ ಪುಡಿ ಬಟ್ಟೆಗಿರಣಿಗಳಲ್ಲಿ ಬಟ್ಟೆ ಬೆಳ್ಳಗಾಗಿಸಲು ಬಳಕೆಯಾಗುತ್ತಿತ್ತು. ರೋಗಿಯ ಕೋಣೆ ಮತ್ತು ಶೌಚಗುಂಡಿಗಳಿಗೆ ಹಾಕುವ ಪುಡಿಯನ್ನು ಕುಡಿಯುವ ನೀರಿಗೆ ಹಾಕುವ ವಿಚಾರವನ್ನು ಆ ಕಾಲದ ಬಹುಪಾಲು ವೈದ್ಯರೂ ಎಂಜಿನಿಯರುಗಳೂ ಒಪ್ಪುತ್ತಿರಲಿಲ್ಲ.

ಹಿಂದಿನ ಪ್ರಯತ್ನಗಳು

ನೀರನ್ನು ರಾಸಾಯನಿಕದಿಂದ ಶುದ್ಧೀಕರಿಸುವ ಪ್ರಯತ್ನಗಳು ಅದಾಗಲೇ ಅಲ್ಲಲ್ಲಿ ನಡೆದಿದ್ದವು. 1890ರ ದಶಕದಲ್ಲಿ ಆಗ್ರಾದ ವಿಜ್ಞಾನಿ ಹ್ಯಾಂಕಿನ್ ಅವರು ಕಾಲರಾ ತಡೆಯಲು ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವ ಕ್ರಮವನ್ನು ಪ್ರಚುರಪಡಿಸಿದ್ದರು. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟೋನ್ ಪಟ್ಟಣದಲ್ಲಿ ವಿಷಮಶೀತ ಜ್ವರ ಹರಡಿದಾಗ ನೀರಿನ ಕೊಳವೆಗಳನ್ನು ಬ್ಲೀಚಿಂಗ್ ಪೌಡರಿನ ದ್ರಾವಣದಿಂದ ಶುದ್ಧಗೊಳಿಸಲಾಯಿತು. 1903ರಲ್ಲಿ ಭಾರತೀಯ ವೈದ್ಯಕೀಯ ಸೇವೆಯ ಅಧಿಕಾರಿ ವಿನ್ಸೆಂಟ್ ನೆಸ್‌ಫೀಲ್ಡ್ ಅವರು ಸೈನಿಕರ ಕುಡಿಯುವ ನೀರನ್ನು ಕ್ಲೋರಿನ್‌ನಿಂದ ಶುದ್ಧೀಕರಿಸುವ ವಿಧಾನವನ್ನು ಪ್ರಕಟಿಸಿದರು. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ವಿಷಮಶೀತ ಜ್ವರವನ್ನು ಹತೋಟಿಗೆ ತರಲು ಡಾ. ಅಲೆಕ್ಸಾಂಡರ್ ಹ್ಯೂಸ್ಟನ್ ಅವರು ನಗರದ ನೀರಿಗೆ ಕ್ಲೋರಿನ್ ಸಂಯುಕ್ತವನ್ನು ಬೆರೆಸಿದರು.

ಇವುಗಳಲ್ಲಿ ಹೆಚ್ಚಿನವು ರೋಗ ಬಂದ ಮೇಲೆ ಕೈಗೊಂಡ ತಾತ್ಕಾಲಿಕ ಕ್ರಮಗಳಾಗಿದ್ದವು. ರೋಗ ಬರುವ ಮೊದಲೇ, ಆರೋಗ್ಯವಂತರು ಕುಡಿಯುವ ನೀರಿಗೆ ದಿನವೂ ಕ್ಲೋರಿನ್ ಬೆರೆಸುವ ನಿರ್ಧಾರಕ್ಕೆ ಬೇರೆಯೇ ಧೈರ್ಯ ಬೇಕಾಗಿತ್ತು.

ಬೂಂಟನ್ ಜಲಾಶಯದ ವ್ಯಾಜ್ಯ

1899ರಲ್ಲಿ ಆರೋಗ್ಯಾಧಿಕಾರಿಯ ಹುದ್ದೆಯನ್ನು ತೊರೆದ ಲೀಲ್ ಅವರು ಖಾಸಗಿ ನೀರು ಸರಬರಾಜು ಕಂಪನಿಯ ನೈರ್ಮಲ್ಯ ಸಲಹೆಗಾರರಾದರು. ಅದೇ ಸಮಯದಲ್ಲಿ ಜೆರ್ಸಿ ಸಿಟಿ ಎಂಬ ದೊಡ್ಡ ನಗರಕ್ಕೆ ಶುದ್ಧವಾದ ನೀರನ್ನು ಒದಗಿಸುವ ಗುತ್ತಿಗೆ ಏರ್ಪಟ್ಟಿತು. ಅದರಂತೆ ಬೂಂಟನ್ ಎಂಬಲ್ಲಿ ರಾಕವೇ ನದಿಗೆ ಅಣೆಕಟ್ಟು ಕಟ್ಟಿ, ಸುಮಾರು 37 ಕಿ.ಮೀ. ಉದ್ದದ ಕೊಳವೆ ಮಾರ್ಗದ ಮೂಲಕ 1904ರ ಮೇ ತಿಂಗಳಿನಿಂದ ನಗರಕ್ಕೆ ನೀರು ಹರಿಸಲಾಯಿತು. ನೀರನ್ನು ಸೋಸುವ ಘಟಕವನ್ನು ನಿರ್ಮಿಸಿರಲಿಲ್ಲ. ಜಲಾಶಯದಲ್ಲಿ ನೀರು ಬಹಳ ದಿನ ನಿಲ್ಲುವುದರಿಂದ ತಾನಾಗಿಯೇ ತಿಳಿಯಾಗುವುದೆಂದು ನಂಬಲಾಗಿತ್ತು.

ಜಲಾಶಯದ ಮೇಲ್ಭಾಗದಲ್ಲಿ ಊರುಗಳಿದ್ದವು; ಅವುಗಳ ಮಲಿನ ನೀರು ನದಿಯನ್ನು ಸೇರುತ್ತಿತ್ತು. ನೀರು ಶುದ್ಧವಾಗಿಲ್ಲವೆಂದು ನಗರಾಡಳಿತವು ಕಂಪನಿಯ ವಿರುದ್ಧ ದಾವೆ ಹೂಡಿತು. 1908ರ ಮೇ ತಿಂಗಳಲ್ಲಿ ನ್ಯಾಯಾಲಯವು ತನ್ನ ಅಭಿಪ್ರಾಯವನ್ನು ನೀಡಿತು. ಅದರ ಪ್ರಕಾರ ವರ್ಷದ ಬಹುಪಾಲು ದಿನಗಳಲ್ಲಿ ನೀರು ಉತ್ತಮವಾಗಿಯೇ ಇತ್ತು. ಆದರೆ ವರ್ಷಕ್ಕೆ ಎರಡು ಮೂರು ಬಾರಿ, ಭಾರಿ ಮಳೆಯ ನಂತರ, ನೀರಿನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚುತ್ತಿತ್ತು. ಈ ಕೊರತೆಯನ್ನು ಕಂಪನಿ ನೀಗಿಸಬೇಕಾಗಿತ್ತು. ಮೇಲ್ಭಾಗದ ಊರುಗಳಿಗೆ ಒಳಚರಂಡಿ ನಿರ್ಮಿಸುವುದು ಒಂದು ಮಾರ್ಗವಾಗಿತ್ತು. ನೀರನ್ನು ಸುರಕ್ಷಿತಗೊಳಿಸುವ ಬೇರೆ ಉಪಾಯಕ್ಕೂ ನ್ಯಾಯಾಲಯ ಅವಕಾಶ ನೀಡಿತು.

ವರ್ಷದಲ್ಲಿ ಕೆಲವೇ ದಿನಗಳ ಈ ಅಪಾಯವನ್ನು ಲೀಲ್ ಅವರು ಹಗುರವಾಗಿ ಪರಿಗಣಿಸಲಿಲ್ಲ. ವಿಷಮಶೀತ ಜ್ವರ ಬರಲು ಒಂದು ದಿನದ ಕಲುಷಿತ ನೀರು ಸಾಕಾಗುತ್ತದೆ. ಒಳಚರಂಡಿ ನಿರ್ಮಿಸಿದರೂ ಹೊಲಗದ್ದೆ, ರಸ್ತೆ, ಹಿತ್ತಿಲುಗಳಿಂದ ಮಳೆಯೊಡನೆ ಬರುವ ಕೊಳೆಯನ್ನು ಅದು ತಡೆಯಲಾರದೆಂದು ಅವರು ಮನಗಂಡರು. ನದಿಯ ದಡದಲ್ಲಿ ಕಾವಲು ನಿಲ್ಲಿಸುವುದಕ್ಕಿಂತ ನಗರಕ್ಕೆ ಹೊರಡುವ ನೀರಿನಲ್ಲಿಯೇ ಕಾವಲು ಇರಿಸುವುದು ಹೆಚ್ಚು ಖಚಿತವೆಂದು ತೀರ್ಮಾನಿಸಿ, ಬ್ಲೀಚಿಂಗ್ ಪೌಡರ್ ಬಳಸಲು ನಿರ್ಧರಿಸಿದರು.

99 ದಿನಗಳ ಕಾರ್ಯ

ಘಟಕದ ವಿನ್ಯಾಸವನ್ನು ಖ್ಯಾತ ಎಂಜಿನಿಯರ್ ಜಾರ್ಜ್ ವಾರೆನ್ ಫುಲ್ಲರ್ ಅವರಿಗೆ ವಹಿಸಲಾಯಿತು. 99 ದಿನಗಳಲ್ಲಿ ಕೆಲಸ ಪೂರ್ಣಗೊಂಡು, 1908ರ ಸೆಪ್ಟೆಂಬರ್ 26ರಂದು ಘಟಕವು ಕಾರ್ಯಾರಂಭ ಮಾಡಿತು. ದಿನಕ್ಕೆ ಸುಮಾರು 15 ಕೋಟಿ ಲೀಟರ್ ನೀರು ಈ ಘಟಕದ ಮೂಲಕ ಹರಿಯುತ್ತಿತ್ತು. ನಗರಾಡಳಿತದ ಒಪ್ಪಿಗೆಗಾಗಿ ಲೀಲ್ ಅವರು ಕಾದಿರಲಿಲ್ಲ. ಪ್ರಯೋಗ ವಿಫಲವಾಗಿದ್ದಲ್ಲಿ ಅಥವಾ ಒಬ್ಬ ನಾಗರಿಕನಿಗಾದರೂ ಹಾನಿಯಾಗಿದ್ದಲ್ಲಿ ಅವರ ವೃತ್ತಿಜೀವನ ಅಲ್ಲಿಗೇ ಮುಗಿಯುತ್ತಿತ್ತು. ಒಪ್ಪಿಗೆಯಿಲ್ಲದೆ ಇಂತಹ ಕ್ರಮ ಕೈಗೊಳ್ಳುವುದು ಇಂದಿನ ನಿಯಮಗಳ ಅಡಿಯಲ್ಲಿ ಸಾಧ್ಯವಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು.

ಈ ವ್ಯವಸ್ಥೆಯ ತಿರುಳು ಅಳತೆಯಲ್ಲಿತ್ತು. ಪುಡಿಯನ್ನು ನೇರವಾಗಿ ನೀರಿಗೆ ಸುರಿಯಲಿಲ್ಲ. ಮೊದಲು ತೊಟ್ಟಿಗಳಲ್ಲಿ ದ್ರಾವಣ ತಯಾರಿಸಿ, ಅದರ ಮಟ್ಟ ಸದಾ ಒಂದೇ ಸಮನಾಗಿರುವಂತೆ ನೋಡಿಕೊಂಡು, ನಿಗದಿತ ಗಾತ್ರದ ರಂಧ್ರದ ಮೂಲಕ ಹರಿಯುವ ನೀರಿಗೆ ಬಿಡಲಾಗುತ್ತಿತ್ತು. ಹೀಗೆ ಬೆರೆತ ಕ್ಲೋರಿನ್ ಪ್ರಮಾಣ ಒಂದು ಲೀಟರ್ ನೀರಿಗೆ ಅರ್ಧ ಮಿಲಿಗ್ರಾಂಗಿಂತಲೂ ಕಡಿಮೆ. ನೀರಿನಲ್ಲಿ ಕರಗಿದ ಕ್ಲೋರಿನ್ ಹೈಪೋಕ್ಲೋರಸ್ ಆಮ್ಲವಾಗಿ ಪರಿಣಮಿಸಿ ರೋಗಾಣುಗಳ ಕೋಶಭಿತ್ತಿಯನ್ನು ದಾಟಿ ಅವುಗಳನ್ನು ನಾಶಪಡಿಸುತ್ತದೆ. ಮನುಷ್ಯನಿಗೆ ಹಾನಿ ಮಾಡದಷ್ಟು ಅಲ್ಪ ಪ್ರಮಾಣವು ರೋಗಾಣುವನ್ನು ಕೊಲ್ಲಲು ಸಾಕಾಗುತ್ತದೆ ಎಂಬುದೇ ಈ ವಿಧಾನದ ಆಧಾರ.

ನ್ಯಾಯಾಲಯದಲ್ಲಿ ಸಾಕ್ಷ್ಯ

ವ್ಯಾಜ್ಯದ ಎರಡನೆಯ ಹಂತ ಕ್ಲೋರಿನ್ ಕುರಿತಾಗಿಯೇ ನಡೆಯಿತು. ನಗರದ ಪರವಾಗಿ ವಿಲಿಯಂ ಸೆಡ್ಜ್‌ವಿಕ್, ಜಾರ್ಜ್ ವಿಪಲ್ ಮುಂತಾದ ಹೆಸರಾಂತ ತಜ್ಞರು ಸಾಕ್ಷ್ಯ ನುಡಿದರು. ಕೊಳೆಯನ್ನು ನೀರಿಗೆ ಸೇರಲು ಬಿಟ್ಟು ಅನಂತರ ರಾಸಾಯನಿಕ ಬೆರೆಸುವುದು ಸರಿಯಾದ ಮಾರ್ಗವಲ್ಲ, ಮೂಲವನ್ನೇ ರಕ್ಷಿಸಬೇಕು ಎಂಬುದು ಎದುರುಪಕ್ಷದ ವಾದವಾಗಿತ್ತು. ಈ ವಾದದಲ್ಲಿಯೂ ಸತ್ಯಾಂಶವಿತ್ತು.

1909ರಲ್ಲಿ ಸಾಕ್ಷಿಕಟ್ಟೆಯನ್ನೇರಿದ ಲೀಲ್ ಅವರನ್ನು ವಕೀಲರು ದೀರ್ಘವಾಗಿ ಪ್ರಶ್ನಿಸಿದರು. ಬ್ಲೀಚಿಂಗ್ ಪೌಡರ್ ವಿಷವಲ್ಲವೇ, ಈ ನೀರನ್ನು ತಾವು ಕುಡಿಯುವಿರಾ, ತಮ್ಮ ಮನೆಯವರಿಗೆ ಕೊಡುವಿರಾ ಎಂಬ ಪ್ರಶ್ನೆಗಳು ಎದುರಾದವು. ತಾವೂ ಕುಡಿಯುವುದಾಗಿ, ಕುಟುಂಬಕ್ಕೂ ಕೊಡುವುದಾಗಿ ಅವರು ತಿಳಿಸಿದರು. ಅಪಾಯವು ವಸ್ತುವಿನ ಹೆಸರಿನಲ್ಲಿಲ್ಲ, ಪ್ರಮಾಣದಲ್ಲಿದೆ ಎಂಬ ನಿಲುವಿಗೆ ಬದ್ಧರಾಗಿ ನಿಂತರು. ಘಟಕದಲ್ಲಿ ನಡೆಸಿದ ಬ್ಯಾಕ್ಟೀರಿಯಾ ಪರೀಕ್ಷೆಗಳ ಫಲಿತಾಂಶಗಳು ಅವರ ಮಾತಿಗೆ ಬೆಂಬಲವಾಗಿದ್ದವು.

ವಿಚಾರಣೆ ನಡೆಸಿದ ವಿಲಿಯಂ ಮ್ಯಾಗಿ ಅವರು 1910ರ ಮೇ ತಿಂಗಳಲ್ಲಿ ತೀರ್ಮಾನ ನೀಡಿ, ಈ ವಿಧಾನವು ಪರಿಣಾಮಕಾರಿಯೂ ನಂಬಲರ್ಹವೂ ಆಗಿದೆಯೆಂದೂ, ನೀರಿನಲ್ಲಿ ಹಾನಿಕರವಾದುದೇನನ್ನೂ ಉಳಿಸುವುದಿಲ್ಲವೆಂದೂ ಒಪ್ಪಿಕೊಂಡರು. ಅಷ್ಟರಲ್ಲಿಯೇ, 1909ರ ಜೂನ್‌ನಲ್ಲಿ ಮಿಲ್ವಾಕಿ ನಗರದಲ್ಲಿ ನಡೆದ ಅಮೆರಿಕದ ನೀರು ಸರಬರಾಜು ಸಂಘದ ಸಮ್ಮೇಳನದಲ್ಲಿ ಲೀಲ್ ಮತ್ತು ಫುಲ್ಲರ್ ಅವರು ತಮ್ಮ ಅನುಭವವನ್ನು ಮಂಡಿಸಿದ್ದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ನೂರಾರು ನಗರಗಳು ಈ ವಿಧಾನವನ್ನು ಅಳವಡಿಸಿಕೊಂಡವು. 1916ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಹ್ಯೂಸ್ಟನ್ ಅವರು ಲಂಡನ್ ನಗರಕ್ಕೆ ಪೂರೈಕೆಯಾಗುವ ಥೇಮ್ಸ್ ನದಿಯ ನೀರಿಗೂ ಕ್ಲೋರಿನ್ ಬಳಸಿದರು.

ಅಮೆರಿಕದಲ್ಲಿ 1900ರಲ್ಲಿ ಒಂದು ಲಕ್ಷ ಜನರಲ್ಲಿ ಸುಮಾರು 100 ಮಂದಿಗೆ ವಿಷಮಶೀತ ಜ್ವರ ಬರುತ್ತಿದ್ದುದು 1920ರ ವೇಳೆಗೆ ಸುಮಾರು 34ಕ್ಕೆ ಇಳಿಯಿತು. ಇದಕ್ಕೆ ನೀರು ಸೋಸುವಿಕೆ, ಒಳಚರಂಡಿ ಮತ್ತು ಶುದ್ಧ ಹಾಲಿನ ಪೂರೈಕೆಯೂ ಕಾರಣವಾಗಿದ್ದವು; ಕ್ಲೋರಿನೀಕರಣದ ಪಾಲು ಅವುಗಳಲ್ಲಿ ಪ್ರಮುಖವಾದುದು.

ಕೊನೆಯ ದಿನಗಳು

ಡಾ. ಲೀಲ್ ಅವರು 1914ರ ಮಾರ್ಚ್ 13ರಂದು, ತಮ್ಮ 55ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರವು ಕುಡಿಯುವ ನೀರಿಗೆ ತನ್ನ ಪ್ರಥಮ ಬ್ಯಾಕ್ಟೀರಿಯಾ ಮಾನದಂಡವನ್ನು ಪ್ರಕಟಿಸಿತು. ಅದನ್ನು ನೋಡಲು ಅವರಿರಲಿಲ್ಲ. ಕಾಲಕ್ರಮೇಣ ಅವರ ಹೆಸರು ಮರೆಯಾಯಿತು. ಪ್ಯಾಟರ್ಸನ್‌ನ ಸ್ಮಶಾನದಲ್ಲಿದ್ದ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಸುಮಾರು ನೂರು ವರ್ಷಗಳ ನಂತರ, 2013ರಲ್ಲಿ, ಅಲ್ಲಿ ಸ್ಮಾರಕ ಶಿಲೆಯನ್ನು ಸ್ಥಾಪಿಸಲಾಯಿತು.

ಉಡುಪಿ ಜಿಲ್ಲೆಗೆ ಈ ಜೀವನದ ಪಾಠ

ಬೂಂಟನ್ ಜಲಾಶಯದ ಪರಿಸ್ಥಿತಿಗೂ ಉಡುಪಿ ಜಿಲ್ಲೆಯ ಪರಿಸ್ಥಿತಿಗೂ ಹೋಲಿಕೆಯಿದೆ. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಸ್ವರ್ಣಾ ನದಿಯು ಕಾರ್ಕಳ ತಾಲ್ಲೂಕಿನಲ್ಲಿ ಹರಿದು ಬಂದು, ಹಿರಿಯಡಕ ಸಮೀಪದ ಬಜೆ ಅಣೆಕಟ್ಟಿನಿಂದ ಉಡುಪಿ ಹಾಗೂ ಮಣಿಪಾಲದ ಜನರಿಗೆ ಕುಡಿಯುವ ನೀರನ್ನು ಒದಗಿಸುತ್ತದೆ. ಮೇಲ್ದಂಡೆಯ ಊರುಗಳ ಸ್ವಚ್ಛತೆ ಕೆಳದಂಡೆಯ ಊರುಗಳ ಆರೋಗ್ಯವನ್ನು ನಿರ್ಧರಿಸುತ್ತದೆ. ಮೊದಲ ಮಳೆಯ ಕೆಂಪು ನೀರು ನದಿಗೆ ಬರುವ ದಿನಗಳೇ ಇಲ್ಲಿಯೂ ಹೆಚ್ಚಿನ ಎಚ್ಚರಿಕೆಯ ದಿನಗಳು.

ಬೇಸಿಗೆಯಲ್ಲಿಯೂ ಎಚ್ಚರಿಕೆ ಅಗತ್ಯ. 2019ರ ಮೇ ತಿಂಗಳಿನಂತೆ ಬಜೆಯಲ್ಲಿ ನೀರಿನ ಮಟ್ಟ ಕುಸಿದು ಸರದಿಯ ಮೇಲೆ ನೀರು ಬಿಡುವಾಗ ಕೊಳವೆಗಳು ಖಾಲಿಯಾಗುತ್ತವೆ. ಆಗ ಬಿರುಕುಗಳ ಮೂಲಕ ಹೊರಗಿನ ಕೊಳೆ ಒಳಸೇರುವ ಸಂಭವವಿರುತ್ತದೆ. ಘಟಕದಲ್ಲಿ ಶುದ್ಧಗೊಂಡ ನೀರಿನಲ್ಲಿ ಉಳಿದುಕೊಂಡಿರುವ ಅಲ್ಪ ಪ್ರಮಾಣದ ಕ್ಲೋರಿನ್ ಮನೆಯ ನಲ್ಲಿಯವರೆಗೂ ಕಾವಲಾಗಿ ಬರುತ್ತದೆ. ಇದನ್ನೇ ಉಳಿಕೆ ಕ್ಲೋರಿನ್ ಎನ್ನಲಾಗುತ್ತದೆ. ಭಾರತೀಯ ಮಾನದಂಡದಂತೆ ಇದು ಬಳಕೆದಾರರ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಕಾಪು ಭಾಗದ ಕರಾವಳಿಯ ಮರಳು ನೆಲದಲ್ಲಿ ಬಾವಿಗಳು ಆಳವಿಲ್ಲದವು. ಶೌಚಾಲಯದ ಗುಂಡಿ ಸಮೀಪವಿದ್ದಲ್ಲಿ ನೀರು ಬೇಗನೆ ಕಲುಷಿತವಾಗುತ್ತದೆ. ಕಾರ್ಕಳ ಭಾಗದ ಮುರಕಲ್ಲಿನ ನೆಲದಲ್ಲಿ ಸಂದುಗಳ ಮೂಲಕ ಮಳೆನೀರು ಸರಿಯಾಗಿ ಸೋಸದೆಯೇ ಬಾವಿಗೆ ಇಳಿಯಬಹುದು. ಆದುದರಿಂದ ನೀರು ತಿಳಿಯಾಗಿ ಕಂಡರೂ ಶುದ್ಧವೆಂದು ಭಾವಿಸಲಾಗದು.

ಬಾವಿಯ ಕ್ಲೋರಿನೀಕರಣ ವಿಧಾನ

ಬಾವಿಯ ವ್ಯಾಸವನ್ನೂ ನೀರಿನ ಆಳವನ್ನೂ ಮೀಟರಿನಲ್ಲಿ ಅಳೆಯಬೇಕು. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, 1000ದಿಂದ ಗುಣಿಸಿದರೆ ನೀರಿನ ಪ್ರಮಾಣ ಲೀಟರಿನಲ್ಲಿ ದೊರೆಯುತ್ತದೆ. ಉದಾಹರಣೆಗೆ, 3 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು 28,260 ಲೀಟರ್. ಪ್ರತಿ 1000 ಲೀಟರಿಗೆ ಉತ್ತಮ ಗುಣಮಟ್ಟದ 2.5 ಗ್ರಾಂ ಬ್ಲೀಚಿಂಗ್ ಪೌಡರಿನಂತೆ ಈ ಬಾವಿಗೆ ಸುಮಾರು 70 ಗ್ರಾಂ ಬೇಕಾಗುತ್ತದೆ. ನೀರು ಕದಡಿದ್ದಲ್ಲಿ ಹೆಚ್ಚು ಪ್ರಮಾಣ ಬೇಕಾಗುವುದರಿಂದ ಆರೋಗ್ಯ ಸಿಬ್ಬಂದಿಯ ಸಲಹೆ ಪಡೆಯಬೇಕು.

ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಅನಂತರ ಬಕೆಟ್ಟಿನ ಮುಕ್ಕಾಲು ಭಾಗದವರೆಗೆ ನೀರು ಸೇರಿಸಿ ಚೆನ್ನಾಗಿ ಕದಡಿ, 5ರಿಂದ 10 ನಿಮಿಷ ಬಿಡಬೇಕು. ತಳದಲ್ಲಿ ನಿಲ್ಲುವ ಸುಣ್ಣವನ್ನು ಬಾವಿಗೆ ಹಾಕಬಾರದು. ಮೇಲಿನ ತಿಳಿಯನ್ನು ಮತ್ತೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಿಂದ ಬಾವಿಯ ನೀರಿನೊಳಕ್ಕೆ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಕನಿಷ್ಠ ಒಂದು ಗಂಟೆಯವರೆಗೆ ನೀರು ಸೇದಬಾರದು. ರಾತ್ರಿ ಹಾಕಿ ಬೆಳಗ್ಗೆ ಬಳಸುವುದು ಉತ್ತಮ. ಪೌಡರನ್ನು ಗಾಳಿ, ಬೆಳಕು, ತೇವ ತಾಗದಂತೆ ಮುಚ್ಚಿಡಬೇಕು. ಹಳೆಯ ಪುಡಿಯಲ್ಲಿ ಕ್ಲೋರಿನ್ ಅಂಶ ಕುಂದಿರುತ್ತದೆ.

ಕ್ಲೋರಿನ್‌ನ ಮಿತಿ

ಕ್ಲೋರಿನ್ ಎಲ್ಲ ಕೊಳೆಗೂ ಪರಿಹಾರವಲ್ಲ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ನೀರಿಗೆ ಚರಂಡಿ ನೀರು ಸೇರಿ, ಕ್ಲೋರಿನ್ ಬಳಸಲಾಗಿದ್ದರೂ ಸುಮಾರು 29,000 ಜನರು ಕಾಮಾಲೆಗೆ ತುತ್ತಾದರು. ಕೊಳೆ ಅತಿಯಾದಾಗ ಕ್ಲೋರಿನ್ ಅದರಲ್ಲಿಯೇ ವ್ಯಯವಾಗುತ್ತದೆ. ಸಾವಯವ ಕಶ್ಮಲ ಹೆಚ್ಚಿರುವ ನೀರಿನಲ್ಲಿ ಅನಪೇಕ್ಷಿತ ಉಪೋತ್ಪನ್ನಗಳು ಉಂಟಾಗುವುದನ್ನು 1974ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಆದುದರಿಂದ ಮೊದಲು ಮೂಲದ ರಕ್ಷಣೆ, ನಂತರ ಸೋಸುವಿಕೆ, ಕೊನೆಯಲ್ಲಿ ಅಳತೆಯ ಕ್ಲೋರಿನ್ ಎಂಬ ಕ್ರಮವನ್ನು ಪಾಲಿಸಬೇಕು. ಅಂದು ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಂತ ಎರಡು ವಾದಗಳೂ ಇಂದು ಒಂದೇ ಕ್ರಮದ ಎರಡು ಭಾಗಗಳಾಗಿವೆ.

ಸಾರ್ವಜನಿಕರು ಬಾವಿಗೆ ಕಟ್ಟೆ ಕಟ್ಟಿ, ಸುತ್ತಲೂ ನೀರು ನಿಲ್ಲದಂತೆ ನೋಡಿಕೊಂಡು, ಮಳೆಗಾಲದ ಆರಂಭದಲ್ಲಿ ತಪ್ಪದೆ ಕ್ಲೋರಿನೀಕರಣ ಮಾಡಬೇಕೆಂದು ಹಾಗೂ ಈ ಕಾರ್ಯದಲ್ಲಿ ಆರೋಗ್ಯ ಸಿಬ್ಬಂದಿಯೊಡನೆ ಸಹಕರಿಸಬೇಕೆಂದು ಕೋರಲಾಗಿದೆ. ಯುದ್ಧಭೂಮಿಯ ಕಲುಷಿತ ನೀರಿನಿಂದ ತಂದೆಯನ್ನು ಕಳೆದುಕೊಂಡ ವೈದ್ಯರೊಬ್ಬರು ತೋರಿಸಿಕೊಟ್ಟ ಈ ಸರಳ ಕ್ರಮವು ಪ್ರತಿ ಮನೆಯ ಬಾವಿಕಟ್ಟೆಯಲ್ಲಿಯೂ ಪಾಲನೆಯಾಗಬೇಕಾಗಿದೆ.